ಇವತ್ತು ಪಾಪು ಅಳಲೇ ಇಲ್ಲ

ಶ್... ಚಪ್ಪಲಿ ಮೆಲ್ಲಗೆ ಬಿಡೇ. ಇಲ್ಲ, ಮಲಗಿಲ್ಲ, ಎದ್ದೇ ಇದೆ ಪಾಪು. ಅದೇ ತಮಾಷೆ ನೋಡು! ಎದ್ದಿದೆ, ಆದ್ರೆ ಸದ್ದೇ ಇಲ್ಲ. ಇವತ್ತು ಇಡೀ ದಿನ ಅಳಲೇ ಇಲ್ಲ ಕಣೇ. ನಿಮ್ಮಮ್ಮ ಹೊರಡೋವಾಗ ಏನಂದ್ರು? 'ಅಳಿಯಂದ್ರು ಒಬ್ರೇ ಸಂಭಾಳಿಸ್ತಾರಾ' ಅಂತ ಮುಖ ಹುಳ್ಳಗೆ ಮಾಡ್ಕೊಂಡ್ರಲ್ಲ... ಫೋನ್ ಮಾಡಿ ಹೇಳು ಅವರಿಗೆ. ನೀನು ಮತ್ತೆ ಅಂಗಡಿ ಕೆಲಸಕ್ಕೆ ಹೋಗೋಕೆ ಶುರುಮಾಡಿ ಒಂದು ವಾರ ಆಗಿಲ್ಲ, ಅಷ್ಟರಲ್ಲೇ ಮಗು ದಾರಿಗೆ ಬಂತು!

ಕೂತ್ಕೋ. ಕೌಂಟರ್ ಹಿಂದೆ ನಿಂತೂ ನಿಂತೂ ಕಾಲು ಬಾತಿರುತ್ತೆ. ಟೀ ಕಾಸಿದೀನಿ. ಆಮೇಲೆ ಎತ್ಕೊಳ್ಳೋವಂತೆ ಬಿಡೇ, ಎಲ್ಲಿಗೆ ಓಡಿ ಹೋಗುತ್ತೆ? ಐದು ತಿಂಗಳ ಕೂಸು!

ಏನು ಹಾಗೆ ನೋಡ್ತೀಯ? ಎಲ್ಲಾ ಮಾಡಿದೀನಿ. ಹೊತ್ತುಹೊತ್ತಿಗೆ ಹಾಲು. ಬಟ್ಟೆ ಒದ್ದೆಯಾದಾಗೆಲ್ಲ ಬದಲಾಯಿಸಿ ಬಕೆಟ್ಟಿನಲ್ಲಿ ನೆನೆಹಾಕಿದೀನಿ, ಬೇಕಾದ್ರೆ ನೋಡು. ಆ ಟವಲ್ಲಾ? ಅದು ಬಾಟ್ಲಿಗೆ ಆಸರೆ. ಹೀಗೆ ಸುರುಳಿ ಸುತ್ತಿ ಕೆನ್ನೆ ಪಕ್ಕ ಇಟ್ರೆ ಬಾಟ್ಲಿ ಜಾರಲ್ಲ, ತಾನೇ ಕುಡಿಯುತ್ತೆ. ನಮ್ಮ ಕೈ ಬೇಕಾಗೇ ಇಲ್ಲ! ನಮ್ಮ ಅನಾಥಾಶ್ರಮದಲ್ಲಿ ಹೀಗೇ ಮಾಡ್ತಿದ್ರು. ಇರೋದು ಒಬ್ಬಳು ಆಯಾ, ತೊಟ್ಟಿಲು ನೋಡಿದ್ರೆ ಸಾಲು ಸಾಲು... ಎಲ್ಲರನ್ನೂ ಎತ್ಕೊಂಡು ಕೂತ್ರೆ ಪ್ರಾರ್ಥನೆಗೆ ಹೋಗೋದು ಯಾವಾಗ?

ಹೇಳಿದ್ನಲ್ಲ ನಿಂಗೆ, ಅಲ್ಲಿನ ವಿಷಯ. ಪೂರ್ತಿ ಹೇಳಿಲ್ವಾ? ಮದುವೆಗೆ ಮುಂಚೆ ಕೇಳಿದ್ದೆ ನೀನು, ಅಲ್ಲಿ ಹೊಡೀತಿದ್ರಾ ಅಂತ. ಇಲ್ಲ ಅಂದಿದ್ದೆ. ನಿಜಾನೇ. ಒಂದು ಏಟೂ ಬಿದ್ದಿಲ್ಲ. ಊಟ ಇತ್ತು, ಬಟ್ಟೆ ಇತ್ತು, ಮೂರು ಹೊತ್ತು ಪ್ರಾರ್ಥನೆ ಇತ್ತು. ಯಾರೂ ಮುಟ್ತಿರಲಿಲ್ಲ, ಅಷ್ಟೇ. ಆಶ್ರಮ ನಡೆಸ್ತಿದ್ದೋರನ್ನ ದೊಡ್ಡಮ್ಮ ಅಂತ ಕರೀಬೇಕಿತ್ತು ನಾವು. ಅವರು ಹೇಳೋರು, 'ಅಳು ಅಂದ್ರೆ ಕೂಸು ದೇವರ ಹತ್ರ ಆಡೋ ಮಾತು, ನಡುವೆ ಯಾರೂ ಹೋಗಬಾರದು' ಅಂತ. ಯಾರೂ ಹೋಗ್ತಿರಲಿಲ್ಲ. ಹೊಸದಾಗಿ ಬಂದ ಕೂಸು ಸ್ವಲ್ಪ ದಿನ ಅಳೋದು... ಆಮೇಲೆ ನಿಲ್ಲಿಸಿಬಿಡೋದು.

ಕೂಸುಗಳ ಕೋಣೆ ಒರೆಸೋ ಕೆಲಸ ನಂದಿತ್ತು. ಏಳೋ ಎಂಟೋ ವರ್ಷ ನಂಗೆ. ಇಡೀ ಕಟ್ಟಡದಲ್ಲಿ ಅಷ್ಟು ನಿಶ್ಶಬ್ದವಾದ ಕೋಣೆ ಇನ್ನೊಂದಿರಲಿಲ್ಲ! ನಿದ್ದೆ ಅಂದ್ಕೊಂಡ್ಯಾ? ಇಲ್ಲ, ಎಲ್ಲಾ ಕಣ್ಣು ಬಿಟ್ಕೊಂಡೇ ಇರೋವು. ಸೂರು ನೋಡ್ಕೊಂಡು. ದಾನ ಕೊಡೋರು ಬರೋರಲ್ಲ, ಬಾಗಿಲಲ್ಲೇ ನಿಂತು ಕೈ ಮುಗಿಯೋರು... 'ಅಬ್ಬಾ, ಎಂಥಾ ಶಾಂತಿ! ದೇವರಿದ್ದಾನೆ ಇಲ್ಲಿ' ಅಂತ. ನಾನೂ ನಂಬಿದ್ದೆ. ಇದ್ದಾನೆ ಅಂತ.

ಒಂದ್ಸಲ ಕೈ ಮುರೀತು ನಂದು. ಒದ್ದೆ ನೆಲ, ಜಾರಿದೆ. ಯಾರಿಗೂ ಹೇಳಲಿಲ್ಲ. ಹೇಳಬಾರದು ಅಂತಲ್ಲ... ಹೇಳಬಹುದು ಅಂತ ಹೊಳೀಲೇ ಇಲ್ಲ. ಹೇಗೆ ಗೊತ್ತಾಯ್ತು ಗೊತ್ತಾ? ಸಂಜೆ ಪ್ರಾರ್ಥನೇಲಿ ಕೈ ಮುಗಿಯೋಕೆ ಆಗ್ಲಿಲ್ಲ! 'ಒಂದೇ ಕೈಲಿ ಪ್ರಾರ್ಥನೆ ಮಾಡೋಷ್ಟು ಕೊಬ್ಬಾ' ಅಂತ ದೊಡ್ಡಮ್ಮ ಮೊದಲು ಬೈದ್ರು. ಆಮೇಲೆ ನೋಡಿದ್ರೆ ಮಣಿಕಟ್ಟು ಬನ್ನಿನ ಹಾಗೆ ಊದಿದೆ. ಹಹ್ಹ... ನಗು ಬರಲ್ವಾ ನಿಂಗೆ? ನಾವು ಹುಡುಗರೆಲ್ಲ ನಕ್ಕೂ ನಕ್ಕೂ... ಹೋಗ್ಲಿ ಬಿಡು.

ನೋವಾ? ಆಗಿರುತ್ತೆ. ನೆನಪಿಲ್ಲ.

ನೋಡು, ರಾತ್ರಿ ಪಾಳಿ ಪೂರ್ತಿ ಬೇಕರೀಲಿ ಹಿಟ್ಟು ನಾದೋನು ನಾನು. ನಾದಿ, ಒದ್ದೆ ಬಟ್ಟೆ ಮುಚ್ಚಿ, ಅದರ ಪಾಡಿಗೆ ಬಿಟ್ಟುಬಿಡ್ಬೇಕು. ಸುಮ್ ಸುಮ್ನೆ ಮುಟ್ತಾ ಇದ್ರೆ ಉಬ್ಬಲ್ಲ. ಮಕ್ಕಳೂ ಅಷ್ಟೇ, ಅತ್ತಾಗೆಲ್ಲ ಎತ್ಕೊಂಡ್ರೆ...

ಎತ್ಕೊಂಡ್ಯಾ? ಸರಿ, ಎತ್ಕೋ. ನಿನ್ನ ಮಗು.

ಏನು? ಏನಾಯ್ತು? ಮುಖ ತಿರುಗಿಸ್ತಾ? ಗೋಡೆ ನೋಡ್ತಿದೆ, ಅಷ್ಟೇ. ಬೆಳಕು ಅಲ್ಲಾಡುತ್ತಲ್ಲ ಅಲ್ಲಿ. ನಿನ್ನ ನೋಡಲ್ಲ ಅಂತೇನಿಲ್ಲ... ಸುಸ್ತಾಗಿರಬೇಕು. ಯಾಕೆ ಅಂದ್ರೆ? ಮಕ್ಕಳಿಗೆ ಸುಸ್ತಾಗಲ್ವಾ? ಈಗ ಕುಂಯ್ ಅಂದಿದ್ದರಲ್ಲಿ ದನಿ ಒಡೆದಿದ್ಯಾ? ಎಲ್ಲಿ... ಶೀತ ಇರಬೇಕು. ಹವಾ ಸರಿ ಇಲ್ಲ.

ಬ್ಯಾಗು ಇನ್ನೂ ಹೆಗಲ ಮೇಲೇ ಇದೆ, ಇಳಿಸು. ಟೀ ಆರ್ತಿದೆ... ಮೇಲಿನ ಮನೆಯವಳು ಸಿಕ್ಕಿದ್ಲಾ ಮೆಟ್ಟಿಲಲ್ಲಿ? ಅವಳಿಗೆ ಬೇರೆ ಕೆಲಸ ಇಲ್ಲ. ಏನಂದ್ಲು?

ಹೂಂ. ಹೇಳಿದ್ಲಾ.

ಇವತ್ತು ಅಳಲಿಲ್ಲ, ಅದು ಸುಳ್ಳಲ್ಲ. ನಿನ್ನೆ ಅತ್ತಿತ್ತು. ಮೊನ್ನೆನೂ. ನೀನು ಹೋದ ಮೊದಲನೇ ದಿನ ಅಂತೂ... ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಬಾಗಿಲು ಎಳ್ಕೊಂಡು. ಕಿವಿ ಮುಚ್ಕೊಂಡು. ಹೌದು, ಅವಳು ನೋಡಿದ್ದು ನಿಜ. ಏಳೋಣ, ಒಳಗೆ ಹೋಗೋಣ ಅಂತ... ಏಳೋಕೆ ಆಗ್ಲಿಲ್ಲ ಕಣೇ. ಶಿಸ್ತು ಅಂತಲ್ಲ, ಆ ಹಿಟ್ಟಿನ ಕಥೆಯೆಲ್ಲ ಈಗ ಕಟ್ಟಿದ್ದು. ಹೆದರಿಕೆ. ಬರೀ ಹೆದರಿಕೆ. ಐದು ತಿಂಗಳಲ್ಲಿ ಒಂದ್ಸಲಾನೂ ನಾನು ಎತ್ಕೊಂಡಿಲ್ಲ, ನೀನು ಗಮನಿಸ್ಲೇ ಇಲ್ಲ. ಕೈಗೆಲ್ಲ ಹಿಟ್ಟು ಅಂದೆ, ಕೆಮ್ಮು ಅಂದೆ, ನಿದ್ದೆಗಣ್ಣು ಅಂದೆ. ಬಟ್ಟೇನೂ ಮಂಚದ ಮೇಲೆ ಮಲಗಿದ್ದ ಹಾಗೇ ಬದಲಾಯಿಸೋದು. ನೀನೂ ನಿಮ್ಮಮ್ಮನೂ ಎತ್ಕೊಳ್ಳೋದು ದಿನಾ ನೋಡ್ತಿದ್ದೆ... ನೋಡಿದ್ರೆ ಬರುತ್ತಾ ಅದು?

ಇವತ್ತೂ ಮೆಟ್ಟಿಲ ಮೇಲೇ ಕೂತಿದ್ದೆ, ಅಳುತ್ತೆ ಅಂತ. ಅಳಲಿಲ್ಲ. ಒಳಗೆ ಬಂದು ನೋಡಿದ್ರೆ ಸೂರು ನೋಡ್ತಾ ಮಲಗಿದೆ. ಎಂಥಾ ಶಾಂತಿ ಅಂದ್ಕೊಂಡೆ. ಹಾಗೇ ಅಂದ್ಕೊಂಡೆ ಕಣೇ, ಮೊದಲು.

ಹೊರಟ್ಯಾ? ಇಲ್ವಾ? ಮತ್ತೆ ಯಾಕೆ... ಬೇಡ. ಬೇಡ, ನಂಗೆ ಕೊಡ್ಬೇಡ, ಬೀಳಿಸ್ತೀನಿ... ಕತ್ತಿನ ಕೆಳಗಾ ಕೈ? ಹೀಗಾ? ಮೈ ಇಷ್ಟು ಬಿಸಿ ಇರುತ್ತಾ?... ನೀನು ಕೈ ಬಿಡ್ಬೇಡ. ಬಿಟ್ಯಾ!

ನನ್ನೂ ನೋಡ್ತಿಲ್ಲ ಇದು. ಪಾಪೂ... ಇಲ್ಲಿ. ಇಲ್ಲಿ ನೋಡು. ಅಳು ಪಾಪೂ. ಒಂದೇ ಒಂದ್ಸಲ ಅಳು. ಬರ್ತೀನಿ... ಈ ಸಲ ಬರ್ತೀನಿ.