ಗೋಳಿಮರದ ಏರಲ್ಲಿ ಕುದ್ದ ಜೀಪು

ಕ್ಯಾನ್ ಹಿಡ್ಕೊಂಡು ಬಾವಿ ಕಡೆ ಒಬ್ಬನೇ ನಡೀತಿದ್ದ ದರ್ಶನ್. ಸಂಸೆಯಿಂದ ಕಳಸದ ಆಸ್ಪತ್ರೆಗೆ ಹೋಗೋ ದಾರಿ, ಗೋಳಿಮರದ ಏರು, ರಾತ್ರಿ ಹನ್ನೊಂದೂವರೆ. ಹಿಂದೆ ಜೀಪು ಕುದೀತಿತ್ತು... ಗೊಳಗೊಳ, ಗೊಳಗೊಳ. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಅನ್ನೋ ಹೆದರಿಕೆಗೆ ಇಂಜಿನ್ ಹಾಗೇ ಬಿಟ್ಟಿದ್ದ. ಒಳಗೆ ಹಾವು ಕಚ್ಚಿದ ಅವನಮ್ಮ, ನಮ್ಮ ಶಂಕರಮ್ಮತ್ತೆ.

ಅತ್ತೆ ಮಗ ಆದ್ರೂ ಬೈತೀನಿ, ಬಿಡಲ್ಲ. ಅವನಪ್ಪ ದೇವರಾಜ ಮಾವ ಮೂವತ್ತು ವರ್ಷ ಓಡಿಸಿದ ಜೀಪದು. ಚಳಿಗೆ ಇಂಜಿನ್ ಬೇಗ ಬಿಸಿಯಾಗ್ಲಿ ಅಂತ ಮುಂದೆ ಗೋಣಿ ಕಟ್ಟೋರು. ಏರು ಬಂತೋ, ಇಳಿದು ಗೋಣಿ ಬಿಚ್ಚಿ, ಸುತ್ತಿ, ಬಾಳೆನಾರಲ್ಲಿ ಬಿಗಿಯೋರು. ಮಾವ ಸತ್ತು ಮೂರೇ ತಿಂಗಳಿಗೆ ಈ ಪುಣ್ಯಾತ್ಮ ತಾಮ್ರದ ರೇಡಿಯೇಟರ್ ಗುಜರಿಗೆ ಹಾಕಿ ಅಲ್ಯೂಮಿನಿಯಂದು ಕೂರಿಸಿದ. ಅದು ತಪ್ಪಲ್ಲ, ಅದೂ ಬಿಸಿ ಬಿಡತ್ತೆ. ಆದ್ರೆ ಅದರ ಮುಂದೆ ಅಡ್ಡಡ್ಡ ತನ್ನದೇ ಫೋಟೋದ ಫ್ಲೆಕ್ಸ್ ಕಟ್ಟಿದ! 'ಸಂಸೆ ಹುಲಿ' ಅಂತೆ!

"ಚಿನ್ನದ್ದು ಹಾಕಿದ್ರೂ ಗಾಳಿ ಹೋಗ್ದೆ ತಣಿಯಲ್ಲ ಮಾರಾಯ," ಅಂದಿದ್ದೆ. ಈ ಸುತ್ತಿನಲ್ಲಿ ಇಂಜಿನ್ ವಿಷ್ಯ ನನ್ನಷ್ಟು ಗೊತ್ತಿರೋನು ಇನ್ನೊಬ್ಬನಿಲ್ಲ.

"ನಿಂಗೆ ಹೊಟ್ಟೆಕಿಚ್ಚು," ಅಂದ.

ಅವನೇ ಹೇಳಿದ ಹಾಗೆ, ಆ ರಾತ್ರಿ ಕ್ಯಾನ್ ತುಂಬಿಸಿ ತಿರುಗಿದ್ದಷ್ಟೇ...

ಪಟ್. ಹಗ್ಗ ಹರಿದ ಸದ್ದು. ಮತ್ತೆ ಪಟ್. ಸರ್ರ್... ಏನೋ ಎಳೆದ ಹಾಗೆ. ಆಮೇಲೆ ಜೀಪಿನ ಫ್ಯಾನು, ಕಟ್ಟಿದ ಮೂಗು ಬಿಟ್ಟಂತೆ, ಹೋ... ಅಂತ ಗಾಳಿ ಎಳೀತು.

ಅಮ್ಮನ ಪಿಸುದನಿ. "ಬಂದ್ರಾ?"

ಗಂಡಸಿನ ಗೊಗ್ಗರು ದನಿ. "ಗಾಳಿ ಬಿಡು ಅಂತ ಎಷ್ಟು ಸಲ ಹೇಳ್ಬೇಕೇ ಇವಂಗೆ?"

"ಬೈಬೇಡಿ... ನಿಮ್ಮ ಮಗ ಅಲ್ವಾ."

"ಮಗನಂತೆ! ಥೂ."

ಓಡಿ ಬಂದ. ಅಮ್ಮ ಒಬ್ಬಳೇ. ಮುಂದೆ ಫ್ಲೆಕ್ಸ್ ಇಲ್ಲ. ಮೀಟರಿನ ಮುಳ್ಳು ಕೆಂಪಿನಿಂದ ಮೆಲ್ಲ ಇಳೀತಿತ್ತು.

ಹನ್ನೆರಡಕ್ಕೆ ಆಸ್ಪತ್ರೆ. ಇಂಜೆಕ್ಷನ್ ಬಿತ್ತು, ಅತ್ತೆ ಉಳಿದ್ರು. "ಇನ್ನು ಕಾಲು ಗಂಟೆ ತಡ ಆಗಿದ್ರೆ..." ಅಂದ್ರು ಡಾಕ್ಟರು. ಆ ಕಾಲು ಗಂಟೆ ಹುಲಿಯ ಫೋಟೋಗೆ ಹೋಗ್ತಿತ್ತು, ತಿಳೀತಾ?

ಗಾಳಿಗೆ ಹಾರಿರತ್ತೆ ಅನ್ನೋ ಬುದ್ಧಿವಂತರು ಕೇಳಿ. ಬೆಳಗ್ಗೆ ನಾನೇ ಹೋಗಿದ್ದೆ, ಇದೇ ಕಣ್ಣಲ್ಲಿ ನೋಡಿದ್ದೀನಿ, ಸುಳ್ಳು ಹೇಳಿ ನಂಗೇನಾಗಬೇಕು? ದರ್ಶನ್ ನೀರು ಸೇದಿದ ಬಾವಿಕಟ್ಟೆ ಮೇಲೇ ಇತ್ತು ಫ್ಲೆಕ್ಸ್. ನೀಟಾಗಿ ಸುತ್ತಿ, ಬಾಳೆನಾರಲ್ಲಿ ಬಿಗಿದು. ನಾರು ಆಗ ತಾನೇ ಸೀಳಿದ ಹಾಗೆ, ಹಸಿ...

ಆ ಏರಲ್ಲಿ ಒಂದೇ ಒಂದು ಬಾಳೆಗಿಡ ಇಲ್ಲ.