ಕ್ಯಾಂಪರ್ ಕೆಳಗಿನ ಥರ್ಮಾಕೋಲ್

ಹೆಸರು: ಓರಿನ್ ಲಿಂಡ್‌ಗಾರ್ಡ್. ವಯಸ್ಸು: 22. ಕೆಲಸ: ಸಕ್ಕರೆ ಬೀಟ್ ಗಡ್ಡೆ ರಾಶಿ ಹಾಕುವ ಕಣದಲ್ಲಿ ಕೂಲಿ, ಬಾಡಿಗೆದಾರರ ಸಂಘದ ಕಾರ್ಯಕರ್ತ. ವಿಳಾಸ: ಸ್ವಂತ ಮನೆ ಇಲ್ಲ. ಟ್ರಕ್ಕಿನ ಮೇಲೆ ಕೂರಿಸಿದ ಪುಟ್ಟ ಮನೆಯಂಥ ಕ್ಯಾಂಪರ್‌ನಲ್ಲಿ, ಡೇಲ್ ಸ್ಟಕಿ ಅವರ ಅಂಗಳ, ಕೋಲ್ ಬೆಂಚ್ ರಸ್ತೆ, ಮೊಂಟಾನಾ.

ಶೆರಿಫ್ ಕಚೇರಿಯಲ್ಲಿ ನಾನಾಗಿಯೇ ಬಂದು ತಿಳಿಸುತ್ತಿರುವ ಸಂಗತಿ ಇದು.

ಮೃತ ಡೇಲ್ ಅವರು 61 ವರ್ಷದ ಬಡಗಿ. ಮನೆಗೆ ಬಾಡಿಗೆ ಕಟ್ಟಿ ಬದುಕಬೇಕಾದದ್ದು ಅನ್ಯಾಯ ಎಂದು ನಾನು ಹೇಳಿದಾಗ ನಕ್ಕು, ಏಪ್ರಿಲ್‌ನಲ್ಲಿ ತಮ್ಮ ಅಂಗಳದಲ್ಲಿ ಜಾಗ ಕೊಟ್ಟರು.

ಅಕ್ಟೋಬರ್ 10ರಂದು ನಾನು ಬೇರೆ ಟ್ರಕ್ ತಂದೆ. ಅದು ಹಳೆಯದಕ್ಕಿಂತ ಎತ್ತರ. ಕ್ಯಾಂಪರನ್ನು ಅದರ ಹಿಂದಿನ ತೊಟ್ಟಿಗೆ ಇಳಿಸಿದಾಗ, ಮುಂದಕ್ಕೆ ಚಾಚಿದ ಮಲಗುವ ಭಾಗ ಚಾಲಕನ ತಲೆಯ ಮೇಲಿನ ಛಾವಣಿಗೆ ತಾಗಿತು. ಅಡಿಯಲ್ಲಿ ಏನಾದರೂ ಇಟ್ಟು ನಾಲ್ಕು ಅಂಗುಲ ಎತ್ತರಿಸಬೇಕಾಗಿತ್ತು.

11ರಂದು ಡೇಲ್ ನಾಲ್ಕು ಅಂಗುಲ ದಪ್ಪದ ಐದು ಮರದ ತುಂಡುಗಳನ್ನು ಅಳತೆಗೆ ಕೊಯ್ದು ತಂದರು. ನಾನು ಬೇಡವೆಂದೆ. ಹೊಸ ಮರ ಮುಟ್ಟುವುದಿಲ್ಲ, ಎಸೆದದ್ದರಲ್ಲೇ ಬದುಕುತ್ತೇವೆ ಎಂದು ನಾನೇ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆ. ಫ್ರಿಜ್ ಅಂಗಡಿಯ ಹಿಂದಿನ ಕಸದಿಂದ ಥರ್ಮಾಕೋಲ್ ತಂದಿದ್ದೆ.

"ನೆಲಕ್ಕೆ ಹಾಕೋ ಗಟ್ಟಿ ನೀಲಿ ಥರ್ಮಾಕೋಲ್ ಹಲಗೆ ಆದ್ರೆ ತಡೀತದೆ ಮಗಾ. ಇದು ಫ್ರಿಜ್ ಡಬ್ಬದೊಳಗೆ ತುಂಬೋದು. ನಿನ್ನ ಕರಪತ್ರ ಬರೆದೋನು ಯಾವತ್ತಾದ್ರೂ ಕ್ಯಾಂಪರ್ ಹೊತ್ತಿದಾನಾ?" ಎಂದರು.

ಬರೆದವನು ನಾನೇ ಎಂದೆ.

"ಅದಕ್ಕೇ ಕೇಳ್ದೆ" ಎಂದರು.

ಸಂಜೆ 5.30ಕ್ಕೆ ಅದನ್ನೇ ಹಾಸಿ ಕ್ಯಾಂಪರ್ ಇಳಿಸಿದೆವು. ನಾಲ್ಕು ಮೂಲೆಯ ಸರಪಳಿಗಳನ್ನು ಡೇಲ್ ಬಿಗಿದರು. ಬೆರಳಿನಿಂದ ತಟ್ಟಿದರೆ ಬಿಗಿದ ತಂತಿಯಂತೆ ಸದ್ದು ಬರುತ್ತಿತ್ತು. ಛಾವಣಿಗೂ ಕ್ಯಾಂಪರಿಗೂ ನಡುವೆ ನನ್ನ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು.

12ರ ಬೆಳಿಗ್ಗೆ 7.40ಕ್ಕೆ ಮುಷ್ಟಿ ಹೋಗಲಿಲ್ಲ. ಥರ್ಮಾಕೋಲ್ ಕುಸಿದಿತ್ತು. ಸರಪಳಿ ತಟ್ಟಲಿಲ್ಲ. ತಟ್ಟಿದರೆ ಅದು ಸಡಿಲವಾದದ್ದು ಡೇಲ್‌ಗೆ ಕೇಳಿಸುತ್ತಿತ್ತು.

ಡೇಲ್ ಮನೆಯ ಮೆಟ್ಟಿಲ ಮೇಲಿಂದ, "ಸರಪಳಿ ನೋಡ್ದ್ಯಾ ಮಗಾ?" ಎಂದು ಕೇಳಿದರು. ನೋಡಿದೆ ಎಂದೆ. ನೋಡಿರಲಿಲ್ಲ.

ಒಂಬತ್ತಕ್ಕೆ ಪಟ್ಟಣದಲ್ಲಿ ನಮ್ಮ ಸಂಘದ ಸಭೆಯಿತ್ತು. ಡೇಲ್‌ಗೆ ಸಂಘದಲ್ಲಿ ನಂಬಿಕೆ ಇರಲಿಲ್ಲ. ಕುರ್ಚಿ ಜೋಡಿಸೋಕೆ ಯಾರಾದರೂ ಬೇಕಲ್ಲ ಎಂದು ಬೈಕಿನಲ್ಲಿ ನನ್ನ ಟ್ರಕ್ಕಿನ ಹಿಂದೆ ಹೊರಟರು. 8.10ಕ್ಕೆ, ಆರು ಮೈಲಿ ದಾಟಿ, ಕಾಲುವೆ ಪಕ್ಕದ ಎಡ ತಿರುವಿನಲ್ಲಿ ಕ್ಯಾಂಪರ್ ಬಲಕ್ಕೆ ವಾಲಿತು. ಸರಪಳಿಯ ಕೊಂಡಿಗಳು ಕಳಚಿದ ಸದ್ದು ಎರಡು ಸಲ ಕೇಳಿಸಿತು. ಕನ್ನಡಿಯಲ್ಲಿ ನೋಡಿದಾಗ ಹಿಂದೆ ಬರೀ ಆಕಾಶವಿತ್ತು. ಡೇಲ್ ಅರವತ್ತು ಅಡಿ ಹಿಂದಿದ್ದರು; ರಸ್ತೆಗೆ ಬಿದ್ದ ಕ್ಯಾಂಪರಿಗೆ ಅವರ ಬೈಕ್ ಬಡಿದಿತ್ತು. ನಾನು ಟ್ರಕ್ ನಿಲ್ಲಿಸಿ ಇಳಿದು ಹೋದೆ. ರಸ್ತೆಯ ತುಂಬ ಥರ್ಮಾಕೋಲಿನ ಬಿಳಿ ಕಾಳುಗಳು ಹಾರುತ್ತಿದ್ದವು. ಅವರ ಮೇಲಂಗಿಯಿಂದ ಅವನ್ನು ಒಂದೊಂದಾಗಿ ತೆಗೆಯುತ್ತ ಕೂತಿದ್ದೆ. ಆಂಬುಲೆನ್ಸ್ 8.34ಕ್ಕೆ ಬಂತು.

ಆಸ್ಪತ್ರೆಯಲ್ಲಿ ಶೆರಿಫ್ ಕಚೇರಿಯ ಅಧಿಕಾರಿಯೊಬ್ಬರು ಡೇಲ್ ಅವರ ಹೆಂಡತಿ ವರ್ನಾ ಅವರಿಗೆ, ಸರಪಳಿ ಬಿಗಿದದ್ದು ಸರಿಯಿರಲಿಲ್ಲ ಎಂದು ಹೇಳಿದರು. ವರ್ನಾ ನನ್ನ ಕಡೆ ತಿರುಗಿ, "ನಲವತ್ತು ವರ್ಷದಲ್ಲಿ ಅವರು ಕಟ್ಟಿದ್ದು ಒಂದೂ ಬಿಚ್ಚಿಲ್ಲ ಕಣೋ" ಎಂದರು.

ಡೇಲ್ ಬಿಗಿದದ್ದು ಸರಿಯಾಗಿತ್ತು. ಈ ವಾಕ್ಯವನ್ನು ವರ್ನಾ ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಐದು ಮರದ ತುಂಡುಗಳು ಅವರ ಮೆಟ್ಟಿಲ ಪಕ್ಕದಲ್ಲೇ ಇವೆ. ಅಳೆದು ನೋಡಬಹುದು. ನಾಲ್ಕು ಅಂಗುಲ ಇವೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಶೆರಿಫ್ ಕಚೇರಿ, ಕೋಲ್ ಬೆಂಚ್
ದಿನಾಂಕ: 14 ಅಕ್ಟೋಬರ್ 2019
ಸಹಿ: ಓರಿನ್ ಲಿಂಡ್‌ಗಾರ್ಡ್