ರತ್ನಕ್ಕನ ಕೆಂಪು ಗೀಟು

ಸುಳ್ಳಲ್ಲ ಮಾರಾಯ್ರೇ, ನಮ್ಮ ಪಕ್ಕದ ಮನೆಯ ಚಂದ್ರಾವತಿಗೇ ಆದದ್ದು. ಊರು ಕಾಸರಗೋಡು, ಇಲ್ಲಿ ಕೊಚ್ಚಿಯಲ್ಲಿ ಬ್ಯಾಂಕ್ ಕೆಲಸ. ಆ ದಿನ ಬ್ಯಾಂಕಿನಿಂದ ಹೊರಡುವಾಗಲೇ ರಾತ್ರಿಯಾಗಿತ್ತು. ಮಟ್ಟಾಂಚೇರಿಯ ಗೋದಾಮುಗಳ ಹಿಂದೆ ಹಾಳು ಬಾವಿ ಉಂಟಲ್ಲ, ಅದನ್ನು ದಾಟುವಾಗ ಒಳಗಿನಿಂದ... ಟಕ್... ಟಕ್‌ಟಕ್... ಕೀಬೋರ್ಡ್ ಒತ್ತಿದ ಹಾಗೆ. ಕಪ್ಪೆ ಇರಬೇಕು ಅಂತ ಧೈರ್ಯ ತಂದುಕೊಂಡು ಬಿರಬಿರನೆ ಮನೆ ಸೇರಿದಳು.

ಅವಳಿಗೆ ಕಾದಂಬರಿ ಬರೆಯುವ ಹುಚ್ಚು. ಬರೆಯುವವರಿಗೆ ಕಂಪ್ಯೂಟರಿನಲ್ಲಿ ಏನು ಬೇಕು ಹೇಳಿ? ಅಳಿಸಿದ್ದು ವಾಪಸ್ ಸಿಗಬೇಕು, ತಿದ್ದಿದ್ದು ಯಾರಂತ ಕಾಣಬೇಕು. ಬೇರೆ ಅಲಂಕಾರ ಯಾರಿಗೆ ಬೇಕು! ಇವಳ ಫೈಲ್ ತಿದ್ದುತ್ತಿದ್ದವಳು ಸ್ವಂತ ಅಕ್ಕ, ತಿರುವನಂತಪುರದ ಉಳ್ಳೂರಿನಲ್ಲಿದ್ದ ರತ್ನಕ್ಕ. ಅಲ್ಲಿ ಅವಳು ಗೀಟು ಎಳೆದರೆ ಇಲ್ಲಿ ಕೆಂಪಾಗಿ ಕಾಣುತ್ತಿತ್ತು, ಪಕ್ಕದಲ್ಲಿ ಅವಳ ಹೆಸರು. ತಂಗಿ ಒಪ್ಪಿದರೆ ಗೀಟು ಬಿದ್ದದ್ದು ಅಳಿಸಿಹೋಗುತ್ತಿತ್ತು, ಅಕ್ಕ ಕೆಂಪಲ್ಲಿ ಸೇರಿಸಿದ್ದು ಕಪ್ಪಾಗುತ್ತಿತ್ತು.

ಈ ಬೇಸಿಗೆಯಲ್ಲಿ ರತ್ನಕ್ಕ ತೀರಿಹೋದಳು. "ಚಂದ್ರಾ, ಒಮ್ಮೆ ಬಂದು ಹೋಗು," ಅಂತ ಸಾಯುವ ಮೊದಲು ಫೋನ್ ಮಾಡಿದ್ದಳು. ಆಡಿಟ್ ಉಂಟು ಅಂತ ಇವಳು ಹೋಗಲಿಲ್ಲ. ಆ ಸಂಕಟ ತಾಳಲಾರದೆ, ಅಕ್ಕ ಹೋದ ಮೇಲೆ, ಕಾದಂಬರಿಯ ಕೊನೆಗೆ ಬರೆದಳು: 'ತಂಗಿ ಅಕ್ಕನ ಕೈ ಹಿಡಿದೇ ಕೂತಿದ್ದಳು.' ಪುಸ್ತಕದಲ್ಲಾದರೂ ಹೋದ ಹಾಗಾಗಲಿ ಅಂತ, ಪಾಪ.

ಬಾವಿ ದಾಟಿ ಬಂದ ಆ ರಾತ್ರಿ ಫೈಲ್ ತೆರೆದರೆ... ಅದೇ ಸಾಲಿನ ಮೇಲೆ ಕೆಂಪು ಗೀಟು. ಪಕ್ಕದಲ್ಲಿ 'ರತ್ನ'.

ಬೇಡ ಅಂತ ಒತ್ತಿದಳು. ಗೀಟು ಹೋಯಿತು. ಬಾವಿಯಲ್ಲಿ ಕೇಳಿದ ಅದೇ ಟಕ್... ಗೀಟು ಮತ್ತೆ ಬಂತು.

ಭಾವ ರತ್ನಾಕರನಿಗೆ ಫೋನ್ ಮಾಡಿದಳು. "ಭಾವಾ, ಅಕ್ಕನ ಲ್ಯಾಪ್‌ಟಾಪ್ ಯಾರಾದರೂ..."

"ಅದು ಕಪಾಟಿನಲ್ಲಿ ಉಂಟಲ್ಲ ಚಂದ್ರಾ. ಕೆಟ್ಟೇ ಹೋಗಿದೆ."

ಟಕ್... ಟಕ್‌ಟಕ್...

ಮಗಳು ಪ್ರತೀಕ್ಷಾ ಒಳಕೋಣೆಯಿಂದ ಮಲಯಾಳದಲ್ಲಿ ಪಿಸುಗುಟ್ಟಿದಳು, "ಅಮ್ಮೇ, ಆರಾ ಟೈಪ್ ಚೆಯ್ಯುನ್ನೇ?" ಟೈಪ್ ಮಾಡುವುದು ಯಾರು ಅಂತ.

"ನಾನೇ... ನೀನು ಮಲಗು." ಚಂದ್ರಾವತಿಯ ಎರಡೂ ಕೈ ಮಡಿಲಲ್ಲೇ ಇದ್ದವು.

ಕೊನೆಗೆ ಅಳುತ್ತಾ ಆ ಸಾಲನ್ನು ತಾನೇ ಅಳಿಸಿದಳು. "ತಪ್ಪಾಯ್ತಕ್ಕಾ..." ಅಂದಳು. 'ತಂಗಿ ಬರಲಿಲ್ಲ' ಅಂತ ಬರೆದಳು. ಈ ಸಲ ಗೀಟು ಬೀಳಲಿಲ್ಲ. ಅದರ ಮುಂದೆ ಕೆಂಪಕ್ಷರ ಒಂದೊಂದಾಗಿ ಮೂಡಿತು... 'ಅಕ್ಕ ಬಾಗಿಲ ಕಡೆಗೇ ತಿರುಗಿ ಮಲಗಿದ್ದಳು.'

ಚಂದ್ರಾವತಿ ಒಪ್ಪಿಗೆ ಒತ್ತಿದಳು. ಹಾಗೆಯೇ ಅಚ್ಚಾಗಿದೆ. ನಂಬಿಕೆ ಇಲ್ಲದಿದ್ದರೆ ಬನ್ನಿ, ಪುಸ್ತಕ ನಮ್ಮ ಮನೆಯಲ್ಲೇ ಉಂಟು. ಭಾವ ಅದನ್ನು ಓದಿದ ದಿನವೇ ಚಂದ್ರಾವತಿಗೆ ಫೋನ್ ಮಾಡಿದ. ಕೇಳಿದ:

"ಇದು ನಿನಗೆ ಯಾರು ಹೇಳಿದ್ದು ಚಂದ್ರಾ? ಅವಳು ಹೋಗುವಾಗ ಕೋಣೆಯಲ್ಲಿ ಇದ್ದದ್ದು ನಾನೊಬ್ಬನೇ. ಬೇರೆಯವರು ಬರುವ ಮೊದಲೇ ಅವಳನ್ನು ನೇರ ಮಲಗಿಸಿದ್ದೆ."